ತಜ್ಞರ ಉತ್ತರ: ಶೆಫೀಲ್ಡಿನ ಪಬ್ಬಿನಲ್ಲಿ ಕುಡಿದ ಏಲ್ ಕೆಟ್ಟಿತ್ತೇ?

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರಿನಿಂದ ಇಂಗ್ಲೆಂಡಿನ ಶೆಫೀಲ್ಡ್ ನಗರಕ್ಕೆ ಬಂದು ಐದು ತಿಂಗಳಾಯಿತು. ಸಹೋದ್ಯೋಗಿಗಳು ‘ರಿಯಲ್ ಏಲ್’ ಎಂದು ಕೊಡಿಸಿದ ಬಿಯರ್ ತಣ್ಣಗಿರಲಿಲ್ಲ, ಗ್ಯಾಸ್ ಕೂಡ ಇರಲಿಲ್ಲ. ಕೆಟ್ಟಿರಬಹುದೆಂದು ಅನ್ನಿಸಿದರೂ ಹೇಳಲು ಸಂಕೋಚವಾಗಿ ಕುಡಿದು ಮುಗಿಸಿದೆ. ಅದೇ ಪಬ್ಬಿನಲ್ಲಿ ಉಚಿತವಾಗಿ ಇಟ್ಟಿದ್ದ ಬಿಯರ್ ಪ್ರಿಯರ ಸಂಘದ ಪತ್ರಿಕೆಯನ್ನು ಓದಿದರೆ ಅದರಲ್ಲಿ ರುಚಿಯ ಮಾತು ಕಡಿಮೆ. ಯಾವ ಪಬ್ ಯಾರ ಕೈಗೆ ಹೋಯಿತು, ಎಲ್ಲಿ ಬಿಯರ್ ಎಳೆಯುವ ಹ್ಯಾಂಡ್‌ಪಂಪ್ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂಬುದೇ ತುಂಬಿದೆ. ಇದರಲ್ಲಿ ಅಷ್ಟು ಸುದ್ದಿಯೇನಿದೆ? ಅಕ್ಟೋಬರಿನ ಬಿಯರ್ ಉತ್ಸವಕ್ಕೆ ಹೋಗಬಹುದೇ? ನಾನು ಸಸ್ಯಾಹಾರಿ, ಗಮನಿಸಬೇಕಾದದ್ದೇನಾದರೂ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಗಳು ಬಿಡಿಬಿಡಿಯಾಗಿ ಕಂಡರೂ ಅವೆಲ್ಲಕ್ಕೂ ಉತ್ತರ ಸಿಗುವ ಜಾಗ ಒಂದೇ, ಅದು ಪಬ್ಬಿನ ನೆಲಮಾಳಿಗೆ. ನಾವು ಊರಿನಲ್ಲಿ ಕುಡಿದು ಅಭ್ಯಾಸವಾದ ಲಾಗರ್ ಬಿಯರು ಕಾರ್ಖಾನೆಯಲ್ಲಿಯೇ ಪೂರ್ತಿಯಾಗಿ ತಯಾರಾಗಿ, ಸೋಸಿ, ಬಹುತೇಕ ಬಿಸಿಗೆ ಒಡ್ಡಿ ಯೀಸ್ಟನ್ನು ಕೊಂದು, ಗ್ಯಾಸ್ ತುಂಬಿಸಿಕೊಂಡು ಹೊರಗೆ ಬರುತ್ತದೆ. ರಿಯಲ್ ಏಲ್ ಹಾಗೆ ಬರುವುದಿಲ್ಲ. ಅದು ಜೀವಂತ ಯೀಸ್ಟನ್ನು ಇಟ್ಟುಕೊಂಡೇ ಪೀಪಾಯಿಗೆ ಇಳಿಯುತ್ತದೆ, ಪೀಪಾಯಿಯಲ್ಲಿಯೇ ಎರಡನೆಯ ಸಲ ಹುದುಗುತ್ತದೆ, ಮತ್ತು ಹೊರಗಿನ ಇಂಗಾಲದ ಡೈಆಕ್ಸೈಡಿನ ಒತ್ತಡವಿಲ್ಲದೆ ಅದೇ ಪೀಪಾಯಿಯಿಂದ ಲೋಟಕ್ಕೆ ಬರುತ್ತದೆ. ಹೆಪ್ಪು ಹಾಕಿದ ಹಾಲನ್ನು ಡೈರಿಯವರು ನಿಮ್ಮ ಮನೆ ಬಾಗಿಲಿಗೆ ತಂದಿಟ್ಟು, ಮೊಸರು ಮಾಡಿಕೊಳ್ಳುವ ಹೊಣೆ ನಿಮ್ಮದೆಂದು ಹೇಳಿ ಹೋದಂತೆ ಇದು. ಹಾಲು ಎಷ್ಟೇ ಒಳ್ಳೆಯದಿರಲಿ, ಮೊಸರು ಗಟ್ಟಿಯಾಗುವುದೋ ಹುಳಿಯಾಗುವುದೋ ಎಂಬುದು ಆ ಮನೆಯ ಕೈಗುಣಕ್ಕೆ ಬಿಟ್ಟದ್ದು.

ಮೊದಲು ನಿಮ್ಮ ಲೋಟದ ವಿಷಯ. ತಣ್ಣಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಕೆಟ್ಟಿತ್ತೆಂದು ಹೇಳಲಾಗದು. ಒಳ್ಳೆಯ ನೆಲಮಾಳಿಗೆಯ ಉಷ್ಣತೆ 11ರಿಂದ 13 ಡಿಗ್ರಿ ಸೆಲ್ಷಿಯಸ್ ಇರುತ್ತದೆ, ಮತ್ತು ಏಲನ್ನು ಕೊಡಬೇಕಾದದ್ದೂ ಆ ಉಷ್ಣತೆಯಲ್ಲಿಯೇ. ಬಾಟಲಿ ಬೆವರುವಷ್ಟು ತಣ್ಣಗಿದ್ದರೆ ಮಾತ್ರ ಬಿಯರ್ ಎಂದು ಕಲಿತ ನಾಲಿಗೆಗೆ ಇದು ಬಿಸಿಯೆಂದೇ ತೋರುತ್ತದೆ. ಆದರೆ 4 ಡಿಗ್ರಿಯಲ್ಲಿ ಮಾಲ್ಟಿನ ಬಿಸ್ಕತ್ತಿನಂಥ ಘಮವಾಗಲಿ, ಹಾಪ್ಸ್ ಹೂವಿನ ಕಿತ್ತಳೆಸಿಪ್ಪೆಯಂಥ ವಾಸನೆಯಾಗಲಿ ಮೇಲೇಳುವುದಿಲ್ಲ. ಗ್ಯಾಸಿನ ಮಾತೂ ಹಾಗೆಯೇ. ಪೀಪಾಯಿಯಲ್ಲಿ ತಾನಾಗಿ ಹುಟ್ಟಿದ ಅನಿಲ ಮಾತ್ರ ಇರುವುದರಿಂದ ಅದರ ಪ್ರಮಾಣ ಲಾಗರಿನಲ್ಲಿರುವುದರ ಸುಮಾರು ಅರ್ಧದಷ್ಟು. ನಾಲಿಗೆ ಚುರುಗುಟ್ಟಬಾರದು, ಆದರೆ ಬಾಯೊಳಗೆ ಸಣ್ಣದೊಂದು ಚುರುಕು ಇರಲೇಬೇಕು. ಅದೂ ಇಲ್ಲದೆ ನೀರಿನಂತೆ ಜೋತುಬಿದ್ದಿದ್ದರೆ ಆ ಪೀಪಾಯಿ ತೆರೆದು ಬಹಳ ದಿನವಾಗಿತ್ತೆಂದು ತಿಳಿಯಬೇಕು.

ಕೆಟ್ಟ ಏಲಿನ ಗುರುತುಗಳು ಬೇರೆ. ವಿನೆಗರಿನ ಹುಳಿ ಮೊದಲ ಗುರುತು. ತೆರೆದ ಪೀಪಾಯಿಯೊಳಗೆ ಗಾಳಿಯ ಜೊತೆ ಬ್ಯಾಕ್ಟೀರಿಯಾ ಸೇರಿ ಆಲ್ಕೊಹಾಲನ್ನು ಅಸಿಟಿಕ್ ಆಮ್ಲವನ್ನಾಗಿ ಮಾಡಿರುತ್ತದೆ. ಬೆಳಗಿನ ಕಳ್ಳು ಮರುದಿನಕ್ಕೆ ಮೂಗಿಗೆ ಹೊಡೆಯುವುದನ್ನು ಕರಾವಳಿಯವರು ಬಲ್ಲರು. ಅಲ್ಲಿ ನಡೆಯುವುದೂ ಇದೇ ಕ್ರಿಯೆ, ವೇಗ ಮಾತ್ರ ಹೆಚ್ಚು. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕದಿಂದ ಹಳಸಿದೆ. ಬೆಣ್ಣೆಯ ಅಥವಾ ಬಟರ್‌ಸ್ಕಾಚಿನ ವಾಸನೆ ಡೈಅಸಿಟೈಲ್ ಎಂಬ ವಸ್ತುವಿನದು. ಕೆಲವು ಏಲುಗಳಲ್ಲಿ ಅದರ ಎಳೆ ಇದ್ದರೆ ತಪ್ಪಲ್ಲ, ಮುಖಕ್ಕೆ ರಾಚುವಂತಿದ್ದರೆ ತಪ್ಪು. ಮಸುಕಾಗಿರುವುದೊಂದೇ ದೋಷವಲ್ಲ, ಏಕೆಂದರೆ ಬೇಕೆಂದೇ ಮಸುಕಾಗಿ ಮಾಡುವ ಏಲುಗಳು ಈಗ ಸಾಕಷ್ಟಿವೆ. ಮಸುಕಿನ ಜೊತೆಗೆ ಹಿಟ್ಟುಹಿಟ್ಟಾದ ಯೀಸ್ಟಿನ ರುಚಿಯಿದ್ದರೆ ಪೀಪಾಯಿಯ ತಳದ ಗಸಿ ಕದಡಿದೆ ಎಂದರ್ಥ. ಈ ಯಾವುದೂ ಇರದೆ ಕೇವಲ ಬೆಚ್ಚಗೆ ಮೆತ್ತಗೆ ಇತ್ತೆಂದಾದರೆ ನೀವು ಕುಡಿದದ್ದು ಸರಿಯಾದ ಏಲ್ ಆಗಿರುವ ಸಾಧ್ಯತೆಯೇ ಹೆಚ್ಚು.

ನೆಲಮಾಳಿಗೆಯಲ್ಲಿ ನಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಪಬ್ಬುಗಳ ಸುದ್ದಿ ಯಾಕೆ ಸುದ್ದಿಯಾಗುತ್ತದೆಂದು ಬಿಡಿಸಿ ಹೇಳಬೇಕಾಗುವುದಿಲ್ಲ. ಶೆಫೀಲ್ಡ್ ಸೇರಿದ ಯಾರ್ಕ್‌ಷೈರ್ ಸೀಮೆಯ ಒಂದು ಪಬ್ಬಿನಲ್ಲಿ ನಾನು ಎರಡು ಬೆಳಗು ಹೀಗೆ ಕೆಳಗಿಳಿದು ನಿಂತಿದ್ದೆ. ಹೆಚ್ಚಾಗಿ ಬಳಕೆಯಲ್ಲಿರುವ ಪೀಪಾಯಿಗೆ ಫರ್ಕಿನ್ ಎಂದು ಹೆಸರು; ಅದರಲ್ಲಿ 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್ ಹಿಡಿಯುತ್ತದೆ. ಅದನ್ನು ಮಂಚದಂಥ ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿ, ಅಲುಗದಂತೆ ಕೆಳಗೆ ಬೆಣೆ ಕೊಡುತ್ತಾರೆ. ಹೊಟ್ಟೆಯ ಮೇಲ್ಭಾಗದ ಬಿರಡೆಯ ನಡುವೆ ಮೆದು ಮರದ ಒಂದು ಸಣ್ಣ ಗೂಟವನ್ನು ಸುತ್ತಿಗೆಯಿಂದ ಬಡಿದರೆ, ಒಂದು ಕ್ಷಣ ಏನೂ ಆಗದೆ, ಆಮೇಲೆ ಗೂಟದ ಸುತ್ತ ನೊರೆ ಬುಸುಗುಟ್ಟುತ್ತ ಉಕ್ಕತೊಡಗುತ್ತದೆ. ಮೆದು ಮರದ ಸಣ್ಣ ರಂಧ್ರಗಳ ಮೂಲಕ ಹೆಚ್ಚಿನ ಅನಿಲ ಹೊರಗೆ ಹೋಗಬೇಕು, ಎಲ್ಲವೂ ಹೋಗಬಾರದು. ನೆಲಮಾಳಿಗೆಯ ಮೇಲ್ವಿಚಾರಕ ನೊರೆಯನ್ನು ಬಟ್ಟೆಯಿಂದ ಒರೆಸಿ, ಅದು ಮತ್ತೆ ಕಾಣಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುತ್ತಿದ್ದ. ಗಡಿಯಾರವನ್ನೇನೂ ನೋಡುತ್ತಿರಲಿಲ್ಲ, ಹಾಲು ಉಕ್ಕುವುದನ್ನು ಕಾಯುವ ಅಡುಗೆಯವರ ಕಣ್ಣು ಅದು. ಉಕ್ಕುವುದು ನಿಧಾನವಾದಾಗ ಮೆದು ಗೂಟವನ್ನು ಕಿತ್ತು ಗಟ್ಟಿ ಮರದ ಗೂಟವನ್ನು ಹೊಡೆದ. ಉಳಿದ ಅನಿಲ ಇನ್ನು ಒಳಗೇ ಉಳಿಯುತ್ತದೆ. ಒಂದೆರಡು ದಿನ ಅಲುಗಾಡಿಸದೆ ಬಿಟ್ಟರೆ ಗಸಿ ತಳಕ್ಕಿಳಿದು ತಿಳಿ ಮೇಲೆ ನಿಲ್ಲುತ್ತದೆ. ಆಮೇಲೆ ಮುಂಭಾಗದ ಬಿರಡೆಗೆ ನಲ್ಲಿಯನ್ನಿಟ್ಟು ಒಂದೇ ಏಟಿಗೆ ಒಳನುಗ್ಗಿಸಬೇಕು. ಅಳುಕುತ್ತ ಎರಡು ಏಟು ಹೊಡೆದವನ ಅಂಗಿಯೆಲ್ಲ ಬಿಯರು.

ಮೇಲಿನ ಬಾರಿನಲ್ಲಿ ನೀವು ಕಂಡ ಉದ್ದ ಹಿಡಿಕೆಯ ಹ್ಯಾಂಡ್‌ಪಂಪಿನ ಕೆಲಸ ಕೇವಲ ಈ ತಿಳಿಯನ್ನು ಮೇಲಕ್ಕೆ ಎಳೆಯುವುದು. ಅಂಥ ಪಂಪಿಗೆ 1797ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಬ್ರಾಮಾ ಹುಟ್ಟಿದ್ದು ಶೆಫೀಲ್ಡಿನಿಂದ ದೂರವೇನಲ್ಲದ ಬಾರ್ನ್ಸ್ಲಿಯ ಹತ್ತಿರ. ಹೈಡ್ರಾಲಿಕ್ ಪ್ರೆಸ್ ಮತ್ತು ಕಳ್ಳರಿಗೆ ಬಗ್ಗದ ಬೀಗವೂ ಅವನವೇ. ಯಾರ್ಕ್‌ಷೈರಿನವರು ಪಂಪಿನ ಕೊನೆಗೆ ಸಣ್ಣ ರಂಧ್ರಗಳ ಬಿಲ್ಲೆಯೊಂದನ್ನು ಸಿಕ್ಕಿಸಿ ಕೆನೆಯಂಥ ದಟ್ಟ ನೊರೆಯನ್ನು ಎಬ್ಬಿಸುತ್ತಾರೆ, ದಕ್ಷಿಣ ಇಂಗ್ಲೆಂಡಿನವರು ಅದನ್ನು ಒಪ್ಪುವುದಿಲ್ಲ. ಈ ಜಗಳದಲ್ಲಿ ನಾನು ಉತ್ತರದವರ ಪಕ್ಷ. ಆದರೆ ಇದು ನಂಬಿಕೆಯ ವಿಷಯವಾದ್ದರಿಂದ ವಾದಕ್ಕೆ ಇಳಿಯುವುದಿಲ್ಲ.

ಪಂಪು ಒಂದೊಂದು ಸಲ ಎಳೆದಾಗಲೂ ತೆಗೆದ ಬಿಯರಿನಷ್ಟೇ ಗಾಳಿ ಪೀಪಾಯಿಯೊಳಗೆ ಹೋಗುತ್ತದೆ. ಆ ಗಾಳಿಯೇ ಏಲಿನ ಶತ್ರು, ಹಾಗಾಗಿ ತೆರೆದ ಪೀಪಾಯಿಯನ್ನು ಮೂರು ದಿನದೊಳಗೆ ಮುಗಿಸಬೇಕು. ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್, ಒಂದು ಫರ್ಕಿನ್‌ನಲ್ಲಿ 72 ಪೈಂಟ್. ಗಸಿಯಲ್ಲಿ ಹೋಗುವ ನಾಲ್ಕಾರು ಪೈಂಟನ್ನು ಕಳೆದರೂ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಪೈಂಟ್ ಒಂದೊಂದು ಪಂಪಿನಿಂದ ಹೋಗಲೇಬೇಕು. ಹತ್ತು ಪಂಪುಗಳಿದ್ದರೆ ವಾರದ ಮಂದ ದಿನಗಳಲ್ಲಿಯೂ ಇನ್ನೂರಕ್ಕೆ ಮೇಲ್ಪಟ್ಟು ಪೈಂಟ್ ಏಲ್ ಮಾರಾಟವಾಗಬೇಕು. ಅಷ್ಟು ಗಿರಾಕಿಗಳಿಲ್ಲದ ಪಬ್ಬಿನಲ್ಲಿ ಹತ್ತು ಪಂಪುಗಳು ಸಾಲಾಗಿ ಹೊಳೆಯುತ್ತಿದ್ದರೆ ಅವುಗಳಲ್ಲಿ ನಾಲ್ಕಾದರೂ ವಿನೆಗರಿನ ದಾರಿ ಹಿಡಿದಿರುತ್ತವೆ. ಆದ್ದರಿಂದ ನೀವು ಪತ್ರಿಕೆಯಲ್ಲಿ ನೋಡಿದ ‘ಪಂಪುಗಳನ್ನು ಎಂಟರಿಂದ ಐದಕ್ಕೆ ಇಳಿಸಲಾಗಿದೆ’ ಎಂಬಂಥ ಸಾಲು ಬಹಳ ಸಲ ಒಳ್ಳೆಯ ಸುದ್ದಿ. ಯಾರೋ ಒಬ್ಬ ಪಬ್ ಮಾಲೀಕರಿಗೆ ತಮ್ಮ ವ್ಯಾಪಾರದ ಅಳತೆ ತಿಳಿದಿದೆ ಎಂದು ಅದನ್ನು ಓದಿಕೊಳ್ಳಬೇಕು. ಉಪನಗರದ ಸಣ್ಣ ಪಬ್ಬಿನಲ್ಲಿ ಎರಡೇ ಪಂಪುಗಳಿದ್ದು ಎರಡರ ಎದುರೂ ಜನರಿದ್ದರೆ ಕಣ್ಣು ಮುಚ್ಚಿ ಒಳಗೆ ಹೋಗಬಹುದು.

ಕುಡಿಯುವವರ ಸಂಘವೊಂದು ಪಬ್ಬುಗಳ ಬೆನ್ನು ಬಿದ್ದ ಕಥೆ ಇಲ್ಲಿಂದಲೇ ಹೊರಡುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ದೊಡ್ಡ ಕಂಪನಿಗಳಿಗೆ ನೆಲಮಾಳಿಗೆಯ ಈ ಗೂಟ, ಗಸಿ, ಮೂರು ದಿನದ ಗಡುವು ಎಲ್ಲವೂ ನಷ್ಟದ ಬಾಬತ್ತಾಗಿ ಕಂಡು, ಅವು ಸೋಸಿ ಗ್ಯಾಸ್ ತುಂಬಿದ ಕೆಗ್ ಬಿಯರನ್ನು ಎಲ್ಲೆಡೆ ತಳ್ಳತೊಡಗಿದವು. 1971ರಲ್ಲಿ ಐರ್ಲೆಂಡಿಗೆ ರಜೆಗೆ ಹೋಗಿದ್ದ ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಜಿಮ್ ಮೇಕಿನ್ ಮತ್ತು ಬಿಲ್ ಮೆಲ್ಲರ್ ಎಂಬ ನಾಲ್ವರು ಸೇರಿ ಇದನ್ನು ಎದುರಿಸಲು ಕಟ್ಟಿದ ಸಂಘವೇ ಕ್ಯಾಮ್ರಾ, ಅಂದರೆ ‘ಕ್ಯಾಂಪೇನ್ ಫಾರ್ ರಿಯಲ್ ಏಲ್’. ಇಂದು ಅದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ, ಊರೂರಿಗೆ ಶಾಖೆಗಳಿವೆ. ನೀವು ಓದಿದಂಥ ಪತ್ರಿಕೆಗಳನ್ನು ಬಹುತೇಕ ತರುವುದು ಈ ಶಾಖೆಗಳ ಸ್ವಯಂಸೇವಕರೇ. ಸದಸ್ಯರು ತಾವು ಕುಡಿದ ಏಲಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಆ ಅಂಕ ಬಿಯರಿನ ಶೈಲಿ ಮೆಚ್ಚುಗೆಯಾಯಿತೇ ಎಂಬುದಕ್ಕಲ್ಲ, ಆ ಪಬ್ಬು ಅದನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿತ್ತು ಎಂಬುದಕ್ಕೆ. ಬೆಂಗಳೂರಿನ ಹೋಟೆಲುಗಳಲ್ಲಿ ಕಾಫಿಪುಡಿ ಒಂದೇ ಇದ್ದರೂ ಡಿಕಾಕ್ಷನ್ ಇಳಿಸುವ ಕೈಯನ್ನು ನೋಡಿ ನಾವು ಹೋಟೆಲು ಆರಿಸುವುದಿಲ್ಲವೇ?

ಶೆಫೀಲ್ಡಿನಲ್ಲಿ ಈ ಕಥೆಗೆ ವಿಶೇಷ ತಿರುವೊಂದಿದೆ. ಉಕ್ಕಿನ ಕುಲುಮೆಗಳ ಮುಂದೆ ಬೆವರಿಳಿಸಿ ಬಂದವರ ಬಾಯಾರಿಕೆ ತಣಿಸುತ್ತಿದ್ದ ಊರು ಇದು. ಇಲ್ಲಿನ ಕ್ಯಾನನ್ ಎಂಬ ಬ್ರೂವರಿಯಲ್ಲಿ, ಅಂದರೆ ಬಿಯರ್ ಕಾರ್ಖಾನೆಯಲ್ಲಿ, 1948ರಲ್ಲಿ ಶುರುವಾದ ಸ್ಟೋನ್ಸ್ ಬಿಟರ್ ಎಂಬ ಬಿಯರ್ ಆ ಕಾರ್ಮಿಕರಿಗೆಂದೇ ಮಾಡಿದ್ದು. ಉಕ್ಕಿನ ಕಾರ್ಖಾನೆಗಳು ಕುಸಿದ ಬೆನ್ನಿಗೇ ದೊಡ್ಡ ಬ್ರೂವರಿಗಳೂ ಒಂದೊಂದಾಗಿ ಮುಚ್ಚಿ, 1999ರಲ್ಲಿ ಕ್ಯಾನನ್ ಮತ್ತು ವಾರ್ಡ್ಸ್ ಎರಡೂ ಬಾಗಿಲು ಹಾಕಿದವು. ಅಷ್ಟರಲ್ಲಿ ಡಾನ್ ನದಿಯ ಪಕ್ಕದ ಕೆಲ್‌ಹ್ಯಾಮ್ ಐಲೆಂಡ್ ಎಂಬ ಬಡಾವಣೆಯಲ್ಲಿ ಬೇರೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಅರ್ಥಶಾಸ್ತ್ರದ ಅಧ್ಯಾಪಕ ಡೇವ್ ವಿಕೆಟ್ ಪಾಲುದಾರರೊಬ್ಬರ ಜೊತೆ 1981ರಲ್ಲಿ ಆಲ್ಮಾ ಬೀದಿಯ ಹಳೆಯ ಪಬ್ಬೊಂದನ್ನು ಕೊಂಡು, ಫ್ಯಾಟ್ ಕ್ಯಾಟ್ ಎಂದು ಹೆಸರಿಟ್ಟು, ಬೇರೆ ಬೇರೆ ಊರಿನ ಏಲುಗಳನ್ನು ತರಿಸಿ ಮಾರತೊಡಗಿದರು. ಸುತ್ತ ಪಾಳು ಕಾರ್ಖಾನೆಗಳಿದ್ದ ಕಾಲವದು, ಅಲ್ಲಿಗೆ ಕುಡಿಯಲು ಯಾರು ಬರುತ್ತಾರೆಂದು ಜನ ಕೇಳಿದ್ದರೆ ಅಚ್ಚರಿಯಿಲ್ಲ. 1990ರಲ್ಲಿ ಪಬ್ಬಿನ ಪಕ್ಕದಲ್ಲಿಯೇ ಕೆಲ್‌ಹ್ಯಾಮ್ ಐಲೆಂಡ್ ಬ್ರೂವರಿ ಶುರುವಾಯಿತು, ಅದರ ಪೇಲ್ ರೈಡರ್ ಎಂಬ ಏಲ್ 2004ರಲ್ಲಿ ಬ್ರಿಟನ್ನಿನ ಚಾಂಪಿಯನ್ ಬಿಯರ್ ಆಯಿತು. ಹತ್ತಿರದ ರಸೆಲ್ ಬೀದಿಯ ಕೆಲ್‌ಹ್ಯಾಮ್ ಐಲೆಂಡ್ ಟ್ಯಾವರ್ನ್ 2008 ಮತ್ತು 2009ರಲ್ಲಿ ಸತತ ಎರಡು ವರ್ಷ ಕ್ಯಾಮ್ರಾದ ರಾಷ್ಟ್ರೀಯ ಪಬ್ ಪ್ರಶಸ್ತಿ ಪಡೆಯಿತು. ವಿಕೆಟ್ 2012ರಲ್ಲಿ ತೀರಿಕೊಂಡರು. ಅವರ ಬ್ರೂವರಿ 2022ರಲ್ಲಿ ಮುಚ್ಚುವ ಘೋಷಣೆ ಬಂದಾಗ ಬೇಕ್‌ವೆಲ್ಲಿನ ಥಾರ್ನ್‌ಬ್ರಿಡ್ಜ್ ಬ್ರೂವರಿಯವರು ಕೈಹಿಡಿದು ಪೇಲ್ ರೈಡರನ್ನು ಉಳಿಸಿಕೊಂಡರು. ಆ ಥಾರ್ನ್‌ಬ್ರಿಡ್ಜ್ 2005ರಲ್ಲಿ ಶುರುವಾಗಲು ನೆರವಾದವರಲ್ಲಿ ವಿಕೆಟ್ಟರೂ ಒಬ್ಬರೆಂಬುದನ್ನು ನೆನೆದರೆ, ಹಳೆಯ ಋಣ ತೀರಿದ ಹಾಗೆ ಕಾಣುತ್ತದೆ.

ಇಂಥ ಸಣ್ಣ ಬ್ರೂವರಿಗಳು ಹುಟ್ಟಿದ್ದಕ್ಕೆ ಉತ್ಸಾಹವೊಂದೇ ಕಾರಣವಲ್ಲ, ಎರಡು ಸರ್ಕಾರಿ ಕ್ರಮಗಳೂ ಕಾರಣ. ನೀವು ಓದಿದ ಸುದ್ದಿಗಳ ಅರ್ಥ ಬಿಡಿಸಲು ಇವನ್ನು ತಿಳಿದಿರಬೇಕು. ಇಂಗ್ಲೆಂಡಿನ ಬಹಳಷ್ಟು ಪಬ್ಬುಗಳ ಕಟ್ಟಡ ಬ್ರೂವರಿಯದೋ ದೊಡ್ಡ ಕಂಪನಿಯದೋ ಆಗಿರುತ್ತದೆ; ನಡೆಸುವವರು ಬಾಡಿಗೆದಾರರು, ಬಾಡಿಗೆಯ ಜೊತೆಗೆ ಬಿಯರನ್ನೂ ಒಡೆಯರಿಂದಲೇ ಕೊಳ್ಳಬೇಕೆಂಬ ಕರಾರು ಇರುತ್ತದೆ. ಇದನ್ನು ‘ಟೈ’ ಎನ್ನುತ್ತಾರೆ. ಟೈ ಇಲ್ಲದ ಪಬ್ಬು ಫ್ರೀ ಹೌಸ್. ಆ ಫಲಕ ಕಂಡು ಇಲ್ಲಿ ಬಿಟ್ಟಿ ಕೊಡುತ್ತಾರೆಂದು ನಮ್ಮವರೊಬ್ಬರು ಒಳಗೆ ಹೋಗಿದ್ದರೆಂಬ ಕಥೆಯನ್ನು ನೀವೂ ಬೇಗನೆ ಕೇಳುತ್ತೀರಿ. 1989ರ ಆದೇಶವೊಂದು 2,000ಕ್ಕಿಂತ ಹೆಚ್ಚು ಪಬ್ಬುಗಳನ್ನು ಹೊಂದಿದ್ದ ಬ್ರೂವರಿಗಳ ಹಿಡಿತವನ್ನು ಸಡಿಲಿಸಿ, ಬಾಡಿಗೆದಾರರು ಬೇರೆಯವರ ಒಂದು ಏಲನ್ನಾದರೂ ಅತಿಥಿಯಾಗಿ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. 2002ರಲ್ಲಿ, ವರ್ಷಕ್ಕೆ 5,000 ಹೆಕ್ಟೋಲೀಟರ್, ಅಂದರೆ ಐದು ಲಕ್ಷ ಲೀಟರ್ ಮೀರದೆ ತಯಾರಿಸುವವರಿಗೆ ಅಬಕಾರಿ ಸುಂಕ ಅರ್ಧಕ್ಕಿಳಿಯಿತು. ಮೊದಲನೆಯದು ಸಣ್ಣವರಿಗೆ ಮಾರುವ ಜಾಗ ಕೊಟ್ಟಿತು, ಎರಡನೆಯದು ಬದುಕುವ ಲೆಕ್ಕ ಕೊಟ್ಟಿತು. 1989ರ ಆದೇಶದಿಂದ ಅನಿರೀಕ್ಷಿತವಾಗಿ ಇನ್ನೊಂದೂ ಆಯಿತು. ಬ್ರೂವರಿಗಳು ಮಾರಿದ ಪಬ್ಬುಗಳನ್ನು ಸಗಟಾಗಿ ಕೊಂಡ ಪಬ್ ಕಂಪನಿಗಳು ತಲೆಯೆತ್ತಿ, ಟೈ ಬೇರೆ ಹೆಸರಿನಲ್ಲಿ ಮರಳಿ ಬಂತು.

ಈಗ ಪತ್ರಿಕೆಯನ್ನು ಮತ್ತೊಮ್ಮೆ ತೆರೆಯಿರಿ. ‘ಬಾಡಿಗೆದಾರರು ಬದಲಾದರು’ ಎಂದಿದ್ದರೆ ಗೂಟ ಬಡಿಯುವ ಕೈ ಬದಲಾಯಿತು. ಮೂರು ತಿಂಗಳು ಬಿಟ್ಟು ಹೋಗಿ ನೋಡಿ. ‘ಟೈಯಿಂದ ಬಿಡುಗಡೆ’ ಎಂದಿದ್ದರೆ ಇನ್ನು ಮೇಲೆ ಅಲ್ಲಿ ಸ್ಥಳೀಯ ಏಲುಗಳು ಸಿಗಬಹುದು. ‘ಸಮುದಾಯದ ಆಸ್ತಿಯೆಂದು ದಾಖಲಾಯಿತು’ ಎಂಬುದರ ಹಿಂದೆ 2011ರ ಸ್ಥಳೀಯತಾ ಕಾಯಿದೆ ಇದೆ. ಹಾಗೆ ದಾಖಲಾದ ಪಬ್ಬನ್ನು ಮಾರಾಟಕ್ಕಿಟ್ಟರೆ ಊರಿನವರ ಗುಂಪು ಹಣ ಹೊಂದಿಸಲು ಕಾಲಾವಕಾಶ ಕೇಳಬಹುದು. ಶೆಫೀಲ್ಡಿನ ನೀಪ್ಸೆಂಡಿನಲ್ಲಿರುವ ಗಾರ್ಡನರ್ಸ್ ರೆಸ್ಟ್ ಎಂಬ ಪಬ್ಬನ್ನು 2017ರಲ್ಲಿ ಅಲ್ಲಿನ ಗಿರಾಕಿಗಳ ಸಹಕಾರಿ ಸಂಘವೇ ಕೊಂಡಿತು. ಅದೇ ವರ್ಷ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಯೋಜನಾ ನಿಯಮ ಬದಲಾಗಿ, ಅನುಮತಿ ಇಲ್ಲದೆ ಪಬ್ಬನ್ನು ಕೆಡವುವುದಕ್ಕೂ ಅಂಗಡಿಯಾಗಿ ಮಾಡುವುದಕ್ಕೂ ತಡೆ ಬಿತ್ತು. ಅದಕ್ಕೂ ಮುಂಚೆ ಪಬ್ಬೊಂದು ಸೂಪರ್‌ಮಾರ್ಕೆಟಿನ ಶಾಖೆಯಾಗಲು ಬಹುತೇಕ ಯೋಜನಾ ಅನುಮತಿ ಬೇಕಿರಲಿಲ್ಲ. ಯೋಜನಾ ಇಲಾಖೆಯ ಅರ್ಜಿಗಳ ಬಗ್ಗೆ ಬಿಯರ್ ಪ್ರಿಯರು ಪುಟಗಟ್ಟಲೆ ಬರೆಯುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಲಾಗರನ್ನು ಮನೆಗೆ ತಂದು ಕುಡಿಯಬಹುದು, ಏಲಿನ ಪೀಪಾಯಿಗೆ ಮಾತ್ರ ನೆಲಮಾಳಿಗೆ ಬೇಕು, ಮೂರು ದಿನದೊಳಗೆ ಎಪ್ಪತ್ತು ಪೈಂಟ್ ಕುಡಿಯುವ ಜನ ಬೇಕು. ಪಬ್ಬು ಹೋದರೆ ಪಾನೀಯವೂ ಹೋಗುತ್ತದೆ.

ಬೆಂಗಳೂರಿನ ಬ್ರೂಪಬ್ಬುಗಳಲ್ಲಿ ಸಿಗುವುದೂ ಇದೇ ಅಲ್ಲವೇ ಎಂದು ನಿಮಗೆ ಅನ್ನಿಸಿರಬಹುದು. ಸೋಸದೆ ತಾಜಾ ಕೊಡುವ ಮಟ್ಟಿಗೆ ಎರಡೂ ನೆಂಟರೇ. ಆದರೆ ಅಲ್ಲಿನ ಬಿಯರು ಸಾಮಾನ್ಯವಾಗಿ ತಣ್ಣಗಿನ ಉಕ್ಕಿನ ತೊಟ್ಟಿಯಲ್ಲಿ, ಅನಿಲದ ಒತ್ತಡದಲ್ಲಿ ಕಾದಿದ್ದು ಬರುತ್ತದೆ. ಗಾಳಿ ಸೋಕುವುದಿಲ್ಲ, ಮೂರು ದಿನದ ಗಡುವೂ ಇಲ್ಲ. ರುಚಿ ನಿನ್ನೆಯಂತೆಯೇ ಇಂದೂ ಇರಬೇಕೆಂದರೆ ಅದೇ ಅನುಕೂಲ. ಎರಡನೆಯ ದಿನದ ಏಲ್ ಮೊದಲ ದಿನದ್ದಕ್ಕಿಂತ ಮೆದುವಾಗಿ, ಮೂರನೆಯ ದಿನ ಅಂಚು ಕಳೆದುಕೊಳ್ಳುವುದನ್ನು ಅನುಭವಿಸಲು ಮಾತ್ರ ಪೀಪಾಯಿಯೇ ಬೇಕು.

ಉತ್ಸವಕ್ಕೆ ಖಂಡಿತ ಹೋಗಿ, ಆದರೆ ಏನನ್ನು ನಿರೀಕ್ಷಿಸಬೇಕೆಂದು ತಿಳಿದು ಹೋಗಿ. ಕ್ಯಾಮ್ರಾದ ಶೆಫೀಲ್ಡ್ ಶಾಖೆ ನಡೆಸುವ ಸ್ಟೀಲ್ ಸಿಟಿ ಉತ್ಸವ ಹಲವು ವರ್ಷಗಳಿಂದ ಅಕ್ಟೋಬರಿನಲ್ಲಿ ಕೆಲ್‌ಹ್ಯಾಮ್ ಐಲೆಂಡಿನ ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ನಡೆದುಬಂದಿದೆ. 1905ರಲ್ಲಿ ಕಟ್ಟಿದ, 12,000 ಅಶ್ವಶಕ್ತಿಯ ರಿವರ್ ಡಾನ್ ಎಂಬ ಬೃಹತ್ ಉಗಿ ಯಂತ್ರ ಇರುವುದು ಅಲ್ಲಿಯೇ. ಇಂಥ ಉತ್ಸವಗಳಲ್ಲಿ ಬಾರಿನ ಹಿಂದೆ ನಿಂತಿರುವವರು ಸಂಬಳವಿಲ್ಲದ ಸ್ವಯಂಸೇವಕರು. ಒಳಗೆ ಹೋದೊಡನೆ ಲೋಟವೊಂದನ್ನು ಕೊಡುತ್ತಾರೆ, ಅದರ ಮೇಲೆ ಪೈಂಟಿನ ಮೂರನೆಯ ಒಂದು ಭಾಗ, ಅರ್ಧ, ಪೂರ್ತಿ ಎಂಬ ಗೆರೆಗಳಿರುತ್ತವೆ. ಮೊದಲ ಸಲ ಹೋದವರು ಆ ಕೆಳಗಿನ ಗೆರೆಯನ್ನು ದಾಟಬಾರದೆಂಬುದು ನನ್ನ ಸಲಹೆ. 189 ಮಿಲಿಲೀಟರಿನಂತೆ ಆರು ಬಗೆ ಕುಡಿದರೂ ಎರಡೇ ಪೈಂಟಾಗುತ್ತದೆ. ಇನ್ನೊಂದು ಮಾತನ್ನು ಉತ್ಸವದ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಉತ್ಸವದ ಏಲ್ ಒಳ್ಳೆಯ ಪಬ್ಬಿನ ಏಲಿನಷ್ಟು ಚೆನ್ನಾಗಿರುವುದು ಅಪರೂಪ. ತಾತ್ಕಾಲಿಕ ಚೌಕಟ್ಟಿನ ಮೇಲೆ ಹತ್ತಾರು ಪೀಪಾಯಿಗಳನ್ನು ಒಟ್ಟಿಗೆ ಮಲಗಿಸಿ, ತಣ್ಣಗಿಡಲು ಹೆಣಗಿ, ಎಲ್ಲವನ್ನೂ ಒಂದೇ ದಿನ ತೆರೆಯಬೇಕಾದ ಜಾಗದಲ್ಲಿ ಒಂದೊಂದರ ಹದವನ್ನೂ ಕಾಯುವುದು ಆಗದ ಮಾತು. ಹಲವೆಡೆ ಹ್ಯಾಂಡ್‌ಪಂಪಿಲ್ಲದೆ ನೇರವಾಗಿ ಪೀಪಾಯಿಯ ನಲ್ಲಿಯಿಂದ ಲೋಟಕ್ಕೆ ಬಿಡುವುದರಿಂದ ಯಾರ್ಕ್‌ಷೈರಿನ ಆ ಕೆನೆನೊರೆಯೂ ಇರುವುದಿಲ್ಲ. ಉತ್ಸವ ಇರುವುದು ಬಗೆಗಳ ಪರಿಚಯಕ್ಕೆ, ಅಲ್ಲಿ ಮೆಚ್ಚಿದ್ದನ್ನು ಬರೆದಿಟ್ಟುಕೊಂಡು ಆಮೇಲೆ ಪಬ್ಬಿನಲ್ಲಿ ಹುಡುಕಿ. ಕೊನೆಯ ದಿನದ ಸಂಜೆ ಮಾತ್ರ ಹೋಗಬೇಡಿ, ಒಳ್ಳೆಯವೆಲ್ಲ ಆಗ ಖಾಲಿಯಾಗಿರುತ್ತವೆ. ಮಾರ್ಚಿನಲ್ಲಿ ನಡೆಯುವ ಶೆಫೀಲ್ಡ್ ಬಿಯರ್ ವಾರ ಬೇರೆ ಬಗೆಯದು. ಅದರ ಕಾರ್ಯಕ್ರಮಗಳು ಊರಿನ ಪಬ್ಬು, ಬ್ರೂವರಿಗಳಲ್ಲಿ ಹರಡಿಕೊಂಡಿರುವುದರಿಂದ ಏಲ್ ತನ್ನ ಮನೆಯಲ್ಲಿಯೇ ಸಿಗುತ್ತದೆ.

ಏನನ್ನು ಕೇಳಬೇಕೆಂದರೆ, ಅಬ್ಬೆಡೇಲ್ ಬ್ರೂವರಿಯ ಮೂನ್‌ಶೈನ್ ಅಥವಾ ಬ್ರ್ಯಾಡ್‌ಫೀಲ್ಡ್ ಬ್ರೂವರಿಯ ಫಾರ್ಮರ್ಸ್ ಬ್ಲಾಂಡ್‌ನಿಂದ ಶುರುಮಾಡಿ. ಎರಡರ ಆಲ್ಕೊಹಾಲೂ ಶೇಕಡ 4ರ ಆಸುಪಾಸು, ಬಣ್ಣ ತಿಳಿಹಳದಿ, ಲಾಗರಿನಿಂದ ಬಂದವರಿಗೆ ಸಲೀಸು. ಥಾರ್ನ್‌ಬ್ರಿಡ್ಜಿನ ಜೈಪುರ್ ಎಂಬ ಹೆಸರು ನೋಡಿ ನಮ್ಮವರು ಮೊದಲು ಅದನ್ನೇ ಕೇಳುತ್ತಾರೆ. ಅದು 19ನೇ ಶತಮಾನದಲ್ಲಿ ಹಡಗೇರಿ ಕಲ್ಕತ್ತ, ಮದ್ರಾಸುಗಳಿಗೆ ಬರುತ್ತಿದ್ದ ಇಂಡಿಯಾ ಪೇಲ್ ಏಲಿನ ಇಂದಿನ ರೂಪ. ಶೇಕಡ 5.9 ಇರುವುದರಿಂದ ಅರ್ಧ ಪೈಂಟು ಸಾಕು. ರೈಲು ನಿಲ್ದಾಣದ ಹಳೆಯ ಉಪಾಹಾರ ಕೋಣೆಯನ್ನು ದುರಸ್ತಿ ಮಾಡಿ 2009ರಲ್ಲಿ ತೆರೆದ ಶೆಫೀಲ್ಡ್ ಟ್ಯಾಪ್ ಪಬ್ಬಿನ ಹೆಂಚು, ಮರಗೆಲಸಗಳನ್ನು ನೋಡುವುದಕ್ಕಾದರೂ ಒಮ್ಮೆ ಹೋಗಬೇಕು.

ಸಸ್ಯಾಹಾರದ ಪ್ರಶ್ನೆಯನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಗಸಿ ಬೇಗ ಇಳಿಯಲೆಂದು ಪೀಪಾಯಿಗೆ ಐಸಿಂಗ್ಲಾಸ್ ಎಂಬ ದ್ರವವನ್ನು ಬೆರೆಸುವುದು ಹಳೆಯ ಪದ್ಧತಿ, ಅದನ್ನು ಮಾಡುವುದು ಮೀನಿನ ಗಾಳಿಚೀಲದಿಂದ. ಅದರ ಕೊಲಾಜನ್ ಯೀಸ್ಟಿನ ಕಣಗಳನ್ನು ತನ್ನತ್ತ ಸೆಳೆದು ಗುಂಪುಗೂಡಿಸಿ ತಳಕ್ಕೆ ಎಳೆದೊಯ್ಯುತ್ತದೆ. ಅದೂ ಗಸಿಯ ಜೊತೆಗೇ ಉಳಿಯುವುದರಿಂದ ಲೋಟಕ್ಕೆ ಬರುವುದು ಅತ್ಯಲ್ಪ, ಆದರೆ ಆಚಾರದ ದೃಷ್ಟಿಯಿಂದ ಅತ್ಯಲ್ಪವೂ ಲೆಕ್ಕವೇ, ಅದನ್ನು ತೀರ್ಮಾನಿಸಬೇಕಾದವರು ನೀವು. ಅಲರ್ಜಿಕಾರಕಗಳ ಪಟ್ಟಿಯಲ್ಲಿ ಮೀನು ಇದ್ದರೂ ಬಿಯರನ್ನು ತಿಳಿಗೊಳಿಸಲು ಬಳಸಿದ ಐಸಿಂಗ್ಲಾಸಿಗೆ ಕಾನೂನು ವಿನಾಯಿತಿ ಕೊಟ್ಟಿರುವುದರಿಂದ ಫಲಕವನ್ನು ಓದಿ ತಿಳಿಯಲಾಗದು. ‘ಅನ್‌ಫೈನ್ಡ್’ ಅಥವಾ ‘ವೀಗನ್’ ಎಂದು ಪಂಪಿನ ಮೇಲೆ ಬರೆದಿದ್ದರೆ ನಿಶ್ಚಿಂತೆ, ಇಲ್ಲದಿದ್ದರೆ ಕೇಳಿ. ಕೇಳುವವರು ಈಗ ಹೆಚ್ಚಾಗಿರುವುದರಿಂದ ಬಾರಿನವರಿಗೆ ಇದು ಹೊಸ ಪ್ರಶ್ನೆಯಲ್ಲ. ಕುದಿಸುವ ಹಂತದಲ್ಲಿ ಹಾಕುವ ಐರಿಷ್ ಮಾಸ್ ಕಡಲಪಾಚಿಯಾದ್ದರಿಂದ ಅದಕ್ಕೆ ಅಡ್ಡಿಯಿಲ್ಲ. ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿರುವುದು ಹಾಲಿನ ಸಕ್ಕರೆ.

ಉಳಿದದ್ದು ನಿಮ್ಮ ಸಂಕೋಚ. ನಾನೂ ಮೊದಲ ವರ್ಷ ಒಂದು ಪಬ್ಬಿನಲ್ಲಿ ಅಪ್ಪಟ ವಿನೆಗರನ್ನು ಇದೂ ಒಂದು ಶೈಲಿಯಿರಬೇಕೆಂದುಕೊಂಡು ಮುಕ್ಕಾಲು ಪೈಂಟ್ ಕುಡಿದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ವಾಸನೆ ನೋಡಿ, ನನ್ನ ಕೈಯಿಂದ ಲೋಟವನ್ನು ತೆಗೆದುಕೊಂಡು ಬಾರಿಗೆ ಒಯ್ದರು. ಅಂದಿನಿಂದ ಹಾಗೆ ಕುಡಿದಿಲ್ಲ. ಕೊಳ್ಳುವ ಮೊದಲೇ ಒಂದು ಗುಟುಕು ರುಚಿ ನೋಡಲು ಕೇಳಬಹುದು, ಅದು ಇಲ್ಲಿ ರೂಢಿ. ಕೊಂಡ ಮೇಲೆ ಅನುಮಾನ ಬಂದರೆ ಎರಡು ಗುಟುಕಿನೊಳಗೆ ಹಿಂದಕ್ಕೆ ಒಯ್ಯಬೇಕು, ಅರ್ಧ ಕುಡಿದ ಮೇಲೆ ಒಯ್ದರೆ ಯಾರೂ ನಂಬುವುದಿಲ್ಲ. ಕೆಟ್ಟಿದೆ ಎಂದು ತೀರ್ಪು ಕೊಡದೆ, ‘ಇದು ಸರಿಯಿದೆಯೇ, ಒಮ್ಮೆ ನೋಡುತ್ತೀರಾ’ ಎಂದು ಮೆಲ್ಲಗೆ ಕೇಳಿದರೆ ಸಾಕು. ಕೆಲಸ ಬಲ್ಲವರು ವಾದಿಸುವುದಿಲ್ಲ. ಒಂದಿಷ್ಟು ಬೇರೆ ಲೋಟಕ್ಕೆ ಎಳೆದು, ಬೆಳಕಿಗೆ ಹಿಡಿದು, ಮೂಸಿ, ನಿಮಗೆ ಬೇರೆಯದನ್ನು ಕೊಟ್ಟು, ಆ ಪಂಪಿನ ಮೇಲಿನ ಹೆಸರಿನ ಬಿಲ್ಲೆಯನ್ನು ಹಿಂದುಮುಂದಾಗಿ ತಿರುಗಿಸಿ, ಪೀಪಾಯಿಯನ್ನು ನೋಡಲು ಕೆಳಗೆ ಇಳಿಯುತ್ತಾರೆ.